ಹಾಳೆಯ ಊಟ

ಅಕ್ಕನ ಕಾಲಿನಲ್ಲಿ ಗಂಟುಗಳೆದ್ದು, ಒಡೆದು ಹುಣ್ಣಾಗಿ, ಪಾದ ಮರಗಟ್ಟಿದಾಗ ಹೊಸನಗರದ ನಮ್ಮ ಬೀದಿಗೆ ಯಾವ ಡಾಕ್ಟರೂ ಬೇಕಾಗಲಿಲ್ಲ. ಕುಷ್ಠ ಎಂದು ಬೀದಿಯೇ ತೀರ್ಮಾನಿಸಿಬಿಟ್ಟಿತು. ಅಮ್ಮನೂ ಹೆದರಿ ಅವಳಿಗೆ ಹೊರಗೆ ಜಗುಲಿಯಲ್ಲಿ, ಅಡಿಕೆ ಹಾಳೆಯಲ್ಲಿ ಬಡಿಸತೊಡಗಿದಳು. ಉಂಡ ಮೇಲೆ ಎಸೆಯಬಹುದಲ್ಲ, ಅದಕ್ಕೆ. ಕುಷ್ಠವೇ ಆಗಿದ್ದರೂ ಹಾಗೆ ಮಾಡಬಾರದಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಪ್ಪ ಮಾತ್ರ ಹಟ ಹಿಡಿದು, ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ, ತೀರ್ಥಹಳ್ಳಿಯ ಮೂಲಕ ಘಟ್ಟ ಇಳಿದು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಅಕ್ಕನ ಕಾಲಿನಿಂದ ಒಂದು ಚೂರು ಮಾಂಸ ಕತ್ತರಿಸಿ ಪರೀಕ್ಷೆ ಮಾಡಿದರು. ಕುಷ್ಠವಲ್ಲ, ರಕ್ತನಾಳಗಳಿಗೆ ಉರಿಯೂತ ತಗಲುವ ಬೇರೆಯೇ ಕಾಯಿಲೆ ಎಂದು ಖಚಿತವಾಯಿತು.

"ತುಂಬಾ ಅಪರೂಪದ್ದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಇದುವರೆಗೆ ಒಬ್ಬರೂ ಸಿಕ್ಕಿರಲಿಲ್ಲ" ಎಂದರು ಡಾಕ್ಟರು.

ಅವರು ಕೊಟ್ಟ ಮಾತ್ರೆಗಳಿಂದ ಹುಣ್ಣು ಮಾಯತೊಡಗಿತು. ಅಮ್ಮ ಅಳುತ್ತಲೇ, ಎತ್ತಿಟ್ಟಿದ್ದ ಅಕ್ಕನ ತಟ್ಟೆಯನ್ನು ಮತ್ತೆ ಅಡುಗೆಮನೆಗೆ ತಂದಳು.

ಸುದ್ದಿ ಕೇಳಿ ಪಕ್ಕದ ಮನೆಯ ಅತ್ತೆ ಬಂದರು. ನೆಂಟರಲ್ಲ, ನಾವು ಕರೆಯುತ್ತಿದ್ದದ್ದೇ ಹಾಗೆ. ಶರಾವತಿಯ ಹಿನ್ನೀರಿಗೆ ಮನೆ ಕಳೆದುಕೊಂಡು ನಮ್ಮ ಬೀದಿ ಸೇರಿದವರು. ಅಕ್ಕನ ಕಾಲನ್ನು ಬಗ್ಗಿ ಬಹಳ ಹೊತ್ತು ನೋಡಿದರು.

"ನನ್ ಮಗಳ ಕಾಲೂ ಹಿಂಗೇ ಇತ್ತು."

ಕುಷ್ಠವೆಂದು ಆ ಮಗಳನ್ನು ಹಿತ್ತಿಲಾಚೆಯ ಗುಡಿಸಲಿನಲ್ಲಿ ಇಟ್ಟು, ಊಟವನ್ನು ತಾವೇ ಹಾಳೆಯಲ್ಲಿ ಹಾಕಿ ಕೊಡುತ್ತಿದ್ದರಂತೆ. ಅಲ್ಲೇ ಸತ್ತಳು. ಆ ಗುಡಿಸಲಿನ ಜಾಗವೂ ಈಗ ನೀರಿನಡಿ.

ನಾವು ಮತ್ತೆ ಆಸ್ಪತ್ರೆಗೆ ಹೊರಟಾಗ ಅತ್ತೆಯೂ ಜೊತೆಗೆ ಬಂದರು. ಡಾಕ್ಟರ ಮುಂದೆ ಮಗಳ ಕಥೆಯೆಲ್ಲ ಹೇಳಿ ಕೈಮುಗಿದರು.

"ಅವ್ಳಿಗೂ ಇದೇ ಆಗಿತ್ತಾ ಡಾಕ್ಟ್ರೇ? ಒಂದ್ ಮಾತು ಹೇಳಿ, ಸಾಕು."

"ಪರೀಕ್ಷೆ ಮಾಡದೆ ಹೇಗೆ ಹೇಳಲಮ್ಮ? ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ನಮ್ಮ ಲೆಕ್ಕಕ್ಕೆ ಈ ಹುಡುಗಿ ಒಬ್ಬಳೇ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಕೋಪ ಬಂತು. ಕತ್ತರಿಸಿ ನೋಡಿದವರನ್ನಷ್ಟೇ ಎಣಿಸಿದರೆ ಕಾಯಿಲೆ ಅಪರೂಪವಾಗದೆ ಇನ್ನೇನಾಗುತ್ತದೆ? ಗುಡಿಸಲುಗಳಲ್ಲಿ ಸತ್ತವರು ಯಾವ ಲೆಕ್ಕಕ್ಕೆ?

ಮನೆ ಮುಟ್ಟಿದ ಮೇಲೆ ಅಮ್ಮ ಎಲ್ಲರಿಗೂ ತಟ್ಟೆ ಇಟ್ಟಳು. ಅಕ್ಕ ನನ್ನ ಪಕ್ಕದಲ್ಲೇ ಕೂತಳು. ಅತ್ತೆ ಅವಳನ್ನೊಮ್ಮೆ ನೋಡಿ ತಮ್ಮ ತಟ್ಟೆಯನ್ನು ಸರಿಸಿದರು.

"ನಂಗೆ ಹಾಳೇಲಿ ಹಾಕು ಮಾರಾಯ್ತಿ."

ಅಮ್ಮ ಎಷ್ಟು ಬೇಡವೆಂದರೂ ಕೇಳಲಿಲ್ಲ. ಹಾಳೆ ಹಿಡಿದು ಜಗುಲಿಗೆ ಹೋಗಿ, ಹಿಂದೆ ಅಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತು ಉಂಡರು.