ಕೆಳಗಿನ ಮನೆಯ ಹಾಲು

ಹೆಂಡತಿಯ ಅಪೆಂಡಿಕ್ಸ್ ಹೊಟ್ಟೆಯೊಳಗೇ ಒಡೆದು, ಅವಳನ್ನು ಆಪರೇಷನ್ನಿಗೆ ಕರೆದುಕೊಂಡು ಹೋದಾಗ ನಾಲ್ಕು ತಿಂಗಳ ಮಗಳು ನನ್ನ ಕೈಯಲ್ಲಿದ್ದಳು. ತಾಯಿ ಕೆಲವು ದಿನ ಹಾಲು ಕೊಡುವ ಹಾಗಿಲ್ಲ, ಮಗುವನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ ಎಂದರು ನರ್ಸ್. ಡಬ್ಬದ ಹಾಲು ಕಲಸುವುದನ್ನು ತೋರಿಸಿಕೊಟ್ಟರು. ನನಗೇನೂ ಭಯವಾಗಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇಲ್ಲಿ ಒಮಾನಿನಲ್ಲಿ, ಘಾಲಾದ ಗ್ಯಾರೇಜಿನಲ್ಲಿ ಜಜ್ಜಿಹೋದ ಕಾರಿನ ಬಾಗಿಲನ್ನು ತಟ್ಟಿ ತಟ್ಟಿ ಹೊಸದರ ಹಾಗೆ ಮಾಡುತ್ತೇನೆ. ಯಾರ ಹತ್ತಿರವೂ ಕೈಚಾಚದೆ ಅಲ್ ಅಜೈಬಾದಲ್ಲಿ ಮನೆ ಮಾಡಿ ಹೆಂಡತಿಯನ್ನು ಕರೆಸಿಕೊಂಡಿದ್ದೇನೆ. ಒಂದು ಬಾಟಲಿ ಹಾಲು ಕುಡಿಸುವುದು ಏನು ಮಹಾ ಅಂದುಕೊಂಡೆ.

ಮಗಳು ಬಾಟಲಿಯ ನಿಪ್ಪಲನ್ನು ನಾಲಿಗೆಯಿಂದ ಹೊರಗೆ ದಬ್ಬಿದಳು. ಚಮಚದಲ್ಲಿ ಕೊಟ್ಟೆ, ಉಗುಳಿದಳು. ಬೇರೆ ಡಬ್ಬ ತಂದೆ, ಅದನ್ನೂ ಉಗುಳಿದಳು. ಮೊದಲು ಮನೆ ಹಾರಿಹೋಗುವ ಹಾಗೆ ಅಳುತ್ತಿದ್ದವಳ ಸ್ವರ ಮರುದಿನ ಬೆಳಗಾಗುವಾಗ ಬೆಕ್ಕಿನ ಮರಿಯದಷ್ಟಾಗಿತ್ತು.

ನಮ್ಮ ಕೆಳಗಿನ ಮನೆಯಲ್ಲಿ ಊರ ಕಡೆಯ ಬ್ಯಾರಿ ಮುಸ್ಲಿಂ ದಂಪತಿ ಇದ್ದರು. ಗಂಡನಿಗೆ ಚಿಕ್ಕದೊಂದು ದಿನಸಿ ಅಂಗಡಿ. ಅವರಿಗೂ ಒಂದು ಗಂಡುಮಗು, ಇನ್ನೂ ಹಾಲು ಕುಡಿಯುವಂಥದ್ದು. ಇದು ನನಗೆ ಗೊತ್ತಿತ್ತು. ಗೊತ್ತಿದೆ ಎಂದು ನನಗೆ ನಾನೇ ಒಪ್ಪಿಕೊಳ್ಳುವುದಕ್ಕೂ ನಾಚಿಕೆಯಾಗುತ್ತಿತ್ತು. ಇನ್ನೊಬ್ಬ ಗಂಡಸಿನ ಮುಂದೆ ನಿಂತು ಅವನ ಹೆಂಡತಿಯ ಎದೆಹಾಲನ್ನು ಕೇಳುವುದು ಹೇಗೆ?

ಈ ನಾಚಿಕೆ ನನಗೆ ಎಲ್ಲಿಂದ ಅಂಟಿಕೊಂಡಿತೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ನಮ್ಮ ಜಗಲಿಯಲ್ಲಿ ಹೆಂಗಸರು ತೊಡೆಯ ಮೇಲೆ ಮಗುವನ್ನು ಮಲಗಿಸಿ ಹಾಲೂಡಿಸುತ್ತಲೇ ಬೀಡಿ ಕಟ್ಟುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ, ಯಾರೂ ಮುಖ ತಿರುಗಿಸುತ್ತಲೂ ಇರಲಿಲ್ಲ. ಇಲ್ಲಿ ಒಮ್ಮೆ ಸಮುದ್ರದ ಬದಿಯ ಹೋಟೆಲಿನಲ್ಲಿ ಬಿಳಿಯ ಹೆಂಗಸೊಬ್ಬಳು ಕಾಫಿ ಕುಡಿಯುತ್ತಾ ಮಗುವಿಗೆ ಎದೆ ಕೊಟ್ಟಿದ್ದಳು. ಪಕ್ಕದ ಮೇಜಿನ ಒಮಾನಿ ಹೆಂಗಸು ತನ್ನ ಅಬಾಯಾದ ಮೇಲೆ ಶಾಲು ಹೊದ್ದು ಅದನ್ನೇ ಮಾಡುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಬೆವರಿದವನು ನಾನೊಬ್ಬನೇ. ಅಲ್ಲೇ ನಮ್ಮ ಮಗಳು ಅತ್ತಾಗ ಹೆಂಡತಿಯನ್ನು ಕುರ್ಚಿಯಿಂದ ಎಬ್ಬಿಸಿ, "ಕಾರಿನಲ್ಲಿ ಕೂತು ಕುಡಿಸು, ಹೋಗು" ಎಂದು ಕಳುಹಿಸಿದ್ದೆ.

ಆ ಬೆಳಿಗ್ಗೆ ರಜೆ ಕೇಳಲು ಮಗಳನ್ನೆತ್ತಿಕೊಂಡೇ ಗ್ಯಾರೇಜಿಗೆ ಹೋದೆ. ನಮ್ಮ ಒಮಾನಿ ಯಜಮಾನ ಮಗುವಿನ ಮುಖ ನೋಡಿದ. ಮಗುವಿಗೆ ಹುಷಾರಿಲ್ಲ ಎಂದೆ.

"ಹುಷಾರಿಲ್ಲದ್ದಲ್ಲ, ಹಸಿವು" ಎಂದ ಅವನು, ತನ್ನ ಅರೆಬರೆ ಹಿಂದಿಯಲ್ಲಿ. "ನಿನ್ನ ಬಿಲ್ಡಿಂಗಿನಲ್ಲಿ ಹಾಲು ಕೊಡುವ ಹೆಂಗಸು ಯಾರೂ ಇಲ್ಲವಾ?"

ಸುತ್ತ ಕೆಲಸದವರೆಲ್ಲ ನಿಂತಿದ್ದರು. ನನ್ನ ಕಿವಿ ಬಿಸಿಯಾಯಿತು.

"ನನ್ನ ತಾಯಿಗೆ ಬಾಣಂತನದಲ್ಲಿ ಜ್ವರ" ಎಂದ ಯಜಮಾನ. "ಪಕ್ಕದ ಮನೆಯವಳು ನನಗೆ ಕುಡಿಸಿದಳು. ಅವಳೂ ನನಗೆ ತಾಯಿಯೇ. ಅವಳ ಮಗಳು ಇವತ್ತಿಗೂ ನನ್ನೆದುರು ತಲೆಗೆ ಬಟ್ಟೆ ಹಾಕುವುದಿಲ್ಲ, ಹಾಲಿನ ತಂಗಿ ಅಲ್ಲವಾ? ಹೋಗಿ ಕೇಳು. ಖಲಾಸ್, ಮುಗೀತು! ಯಲ್ಲಾ, ಯಲ್ಲಾ, ಹೊರಡು!"

ಕೆಳಗಿನ ಮನೆಯ ಬಾಗಿಲು ತೆರೆದವರು ಬ್ಯಾರಿಯೇ. ನನಗಿಂತ ದೊಡ್ಡವರು, ನಾನು ಭಾಯಿ ಎಂದೇ ಕರೆಯುವುದು. ನಾವು ಮಾತಾಡುವುದು ತುಳುವಿನಲ್ಲಿ.

"ಭಾಯಿ, ಇವಳು ಏನೂ ಕುಡಿಯುವುದಿಲ್ಲ" ಎಂದೆ. ಮಗಳನ್ನು ಸ್ವಲ್ಪ ಮುಂದಕ್ಕೆ ಹಿಡಿದೆ.

ಒಳಗಿನಿಂದ ಹೆಂಗಸಿನ ಸ್ವರ ಕೇಳಿತು. "ನಿನ್ನೆಯಿಂದ ಆ ಕೂಗು ಕೇಳ್ತಾ ಉಂಟು. ಎರಡು ಸಲ ಮೇಲೆ ಬರಲಿಕ್ಕೆ ಹೊರಟೆ, ಇವರೇ ತಡೆದದ್ದು. ಮಗುವನ್ನು ಇಲ್ಲಿ ಕೊಡಿ ಅಣ್ಣಾ."

"ಕೊಡುವ ಮೊದಲು ಒಂದು ಮಾತು" ಎಂದರು ಭಾಯಿ. "ತಡೆದದ್ದು ಯಾಕೆಂದರೆ, ನೀನಾಗಿ ಒಪ್ಪಬೇಕು. ಇವಳು ಕುಡಿಸಿದರೆ ನಿನ್ನ ಮಗಳಿಗೆ ಇವಳು ತಾಯಿ ಆಗ್ತಾಳೆ, ನನ್ನ ಮಗ ಅಣ್ಣ ಆಗ್ತಾನೆ. ಅವರೊಳಗೆ ಮದುವೆ ಅನ್ನೋದು ಯಾವತ್ತಿಗೂ ಇಲ್ಲ. ನಿಮ್ಮಲ್ಲಿ ಇದಕ್ಕೆ ಲೆಕ್ಕ ಇಲ್ಲದೆ ಇರಬಹುದು, ನಮ್ಮಲ್ಲಿ ಉಂಟು. ಮುಚ್ಚಿಡ್ಲಿಕ್ಕಿಲ್ಲ. ಊರಲ್ಲಿ ನಿನ್ನ ತಾಯಿಗೆ ಹೇಳಬೇಕು, ದೊಡ್ಡವಳಾದಾಗ ಅವಳಿಗೂ ಹೇಳಬೇಕು. ಆಗ್ತದಾ?"

"ಆಗ್ತದೆ" ಎಂದೆ.

"ಎಂಥ ವಕೀಲರು ಇವರು! ಮಗು ಸಾಯ್ತಾ ಉಂಟು" ಎಂದು ಆ ತಾಯಿ ಕೈ ಚಾಚಿ ಮಗಳನ್ನು ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಅಳು ನಿಂತಿತು. ನಾನು ಚಪ್ಪಲಿಗಳ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತೆ. ಭಾಯಿ ಚಹಾ ತಂದರು. ಕುಡಿಯುವಾಗ ಅವರ ಕಣ್ಣನ್ನು ನೋಡಲಾಗಲಿಲ್ಲ.

ಆಮೇಲೆ ಹೊತ್ತು ಹೊತ್ತಿಗೆ ಮಗಳನ್ನು ಕೆಳಗೆ ಒಯ್ಯುವುದೇ ಕೆಲಸವಾಯಿತು. ನಡುವೆ ಆಸ್ಪತ್ರೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಅತ್ತಳು. "ಕುಡಿದಳಾ? ನಿಜವಾಗಿ ಕುಡಿದಳಾ?" ಎಂದು ಕೇಳಿದ್ದನ್ನೇ ಕೇಳಿದಳು. ಊರಿಗೆ ಮಾತ್ರ ಹೇಳಲಿಲ್ಲ. ಅಮ್ಮನ ಫೋನು ಬಂದರೆ ಎತ್ತಲಿಲ್ಲ. ಬ್ಯಾರಿಗಳ ಮನೆಯಲ್ಲಿ ನೀರು ಕುಡಿಯಲೂ ಹಿಂದೆಮುಂದೆ ನೋಡುತ್ತಿದ್ದ ಮನೆ ನಮ್ಮದು. ಮೊಮ್ಮಗಳು ಅಲ್ಲಿ ಎದೆಹಾಲು ಕುಡಿದಳೆಂದರೆ ಅಮ್ಮ ಏನು ಹೇಳಿಯಾಳು? ಭಾಯಿ ಪ್ರತಿಸಲ ಕೇಳುತ್ತಿದ್ದರು, "ಹೇಳಿದಿಯಾ?" ನಾನು ಪ್ರತಿಸಲ "ಇವತ್ತು ಹೇಳ್ತೇನೆ" ಎನ್ನುತ್ತಿದ್ದೆ. ಕೊನೆಗೆ ಅವರು ಕೇಳುವುದನ್ನು ಬಿಟ್ಟರು. ಆ ಮೌನ ತಡೆಯಲಾರದೆ, ಹೆಂಡತಿ ಮನೆಗೆ ಬರುವ ಎರಡು ದಿನ ಮೊದಲು ಅಮ್ಮನಿಗೆ ಫೋನು ಮಾಡಿದೆ.

ಎಲ್ಲ ಹೇಳಿದೆ.

"ಆ ಹೆಂಗಸಿಗೆ ತಿನ್ನಲಿಕ್ಕೆ ಏನು ಕೊಟ್ಟಿ?" ಎಂದು ಕೇಳಿದಳು ಅಮ್ಮ.

"ಏನು?"

"ಎರಡು ಮಕ್ಕಳಿಗೆ ಹಾಲೂಡಿಸುವವಳು! ತಿನ್ನಲಿಕ್ಕೆ ಏನು ಕೊಟ್ಟಿ ಅಂತ ಕೇಳಿದ್ದು."

"ಏನೂ ಕೊಟ್ಟಿಲ್ಲ."

"ಥೂ ನಿನ್ನ! ಹಾಲು ಕೊಡುವಾಗ ಹಸಿವಿಗೆ ಹೊಟ್ಟೆ ಹೇಗೆ ಉರೀತದೆ ಗೊತ್ತುಂಟಾ ನಿನಗೆ? ನಿನ್ನನ್ನು ಸಾಕುವಾಗ ನಾನು ಗಂಜಿಯ ತಪ್ಪಲೆ ಬಳಿದು ತಿಂದವಳು. ಬರಿಗೈಯಲ್ಲಿ ಮಗುವನ್ನು ಒಯ್ದು ಒಯ್ದು ಕೊಟ್ಟಿಯಲ್ಲ, ನಾಚಿಕೆ ಇಲ್ಲವಾ?"

ನಾಚಿಕೆಯೇ ತುಂಬಿಕೊಂಡಿದ್ದ ನನಗೆ ಈ ನಾಚಿಕೆ ಮಾತ್ರ ಹೊಳೆದಿರಲಿಲ್ಲ. ನನ್ನ ಮಾನ, ನನ್ನ ಮನೆಯ ಮಾನ ಎಂದುಕೊಂಡು ಗೋಡೆ ನೋಡುತ್ತಾ ನಿಂತಿದ್ದೆ. ಬಾಗಿಲಿನಾಚೆ ಒಬ್ಬಳು ಹಸಿದಿರಬಹುದು ಎಂದು ಅನ್ನಿಸಿರಲಿಲ್ಲ. ನನ್ನ ಹೆಂಡತಿ ಊಟದ ಮೇಲೆ ಮತ್ತೊಮ್ಮೆ ಅನ್ನ ಬಡಿಸಿಕೊಂಡರೆ "ಇದು ಹೊಟ್ಟೆಯಾ ಗೋಣಿಯಾ" ಎಂದು ನಗುತ್ತಿದ್ದವನು ನಾನು. ಅವಳು ಸೌಟನ್ನು ಪಾತ್ರೆಗೆ ವಾಪಸು ಹಾಕಿದ್ದೂ ಉಂಟು.

ಮರುದಿನ ಬೆಳಿಗ್ಗೆ ಮತ್ರಾದ ಮೀನು ಮಾರುಕಟ್ಟೆಗೆ ಹೋಗಿ ಸಣ್ಣ ತಾಟೆ ಮೀನು ಹುಡುಕಿದೆ. ಹಾಲು ಹೆಚ್ಚಲಿ ಎಂದು ನಮ್ಮ ಕಡೆ ಬಾಣಂತಿಯರಿಗೆ ಕೊಡುವ ಮರಿ ಶಾರ್ಕ್ ಅದು. ಶುಚಿ ಮಾಡಿಸಿ ತಂದು, ಒಂದು ಕೈಯಲ್ಲಿ ಮಗಳು ಇನ್ನೊಂದರಲ್ಲಿ ಚೀಲ ಹಿಡಿದು ಕೆಳಗಿನ ಮನೆಯ ಬಾಗಿಲು ತಟ್ಟಿದೆ.

"ಅಮ್ಮನಿಗೆ ಹೇಳಿದೆ ಭಾಯಿ" ಎಂದೆ.

ಭಾಯಿ ಚೀಲ ಬಿಡಿಸಿ ನೋಡಿದರು. "ತಾಟೆ!" ಎಂದು ಒಳಗೆ ಕೂಗಿದರು.

"ಬೆಳ್ಳುಳ್ಳಿ ತಂದಿದ್ದಾರಾ ಕೇಳಿ" ಎಂದಿತು ಒಳಗಿನ ಸ್ವರ. "ಬೆಳ್ಳುಳ್ಳಿ ಇಲ್ಲದೆ ತಾಟೆ ಹೇಗೆ ಮಾಡುವುದು? ನಿಮ್ಮ ಅಂಗಡಿಯದ್ದು ಬೇಡ, ಎಲ್ಲ ಒಣಗಿ ಹೋದದ್ದು."

"ಕೇಳಿದಿಯಲ್ಲ ಮಾರಾಯ, ನನ್ನ ಅಂಗಡಿಯ ಮರ್ಯಾದೆ" ಎಂದರು ಭಾಯಿ.

ಇಷ್ಟು ದಿನದಲ್ಲಿ ಆ ತಾಯಿ ನನ್ನಲ್ಲಿ ಕೇಳಿದ್ದು ಅದೊಂದೇ. ಮಗಳನ್ನು ಭಾಯಿಯ ಕೈಗೆ ಕೊಟ್ಟು, ಬೆಳ್ಳುಳ್ಳಿ ತರಲು ತಲೆ ತಗ್ಗಿಸಿಕೊಂಡೇ ಮೆಟ್ಟಿಲಿಳಿದೆ.