ಕ್ಯೂಗೆ ಕಟ್ಟಿಗೆ ಹುಡುಕಿದ್ದು

ನನ್ನ ಗಂಡ ರೈಲ್ವೆಯಲ್ಲಿ ಹಳಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದು ಇಲ್ಲೇ ಉಳಿದೆವು. ಹಳಿಯ ಪಕ್ಕ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರೆಂದರೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹಿಡಿಯುತ್ತಿದ್ದರು. ಆ ಕಣ್ಣಿನ ಜಂಬ ಮನೆಯಲ್ಲೂ ನಡೆಯುತ್ತಿತ್ತು. ನಾನು ಗೋಡೆಗೆ ಹಾಕಿದ ಕ್ಯಾಲೆಂಡರ್ ಒಮ್ಮೆಯೂ ಅವರ ಪರೀಕ್ಷೆಯಲ್ಲಿ ಪಾಸಾಗಲಿಲ್ಲ.

ಅವರಿಗಿದ್ದ ಹುಚ್ಚು ಒಂದೇ, ಭಾನುವಾರ ಸದರ್ ಬಡಾವಣೆಯ ಕ್ಲಬ್ಬಿನಲ್ಲಿ, ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಪೂಲ್ ಆಡುವುದು. ಹೋದ ಬೇಸಿಗೆಯಲ್ಲಿ ಸೋತು ಸೋತು ಬರತೊಡಗಿದರು. ಕೇಳಿದರೆ, ಅಲ್ಲಿರುವ ಕ್ಯೂಗಳು, ಅಂದರೆ ಆಟದ ಕೋಲುಗಳೆಲ್ಲ, ಬಾಗಿವೆ ಎಂದರು. ತಮ್ಮದೇ ಒಂದು ಮಾಡಿಸಿಕೊಳ್ಳಲು ಹೊರಟರು. ಮರ ಕಡೆಯುವ ಲೇತ್ ಕೆಲಸದವನು ಒಪ್ಪಿಕೊಂಡ, ಆದರೆ ಕಟ್ಟಿಗೆ ನೀವೇ ಆರಿಸಿ ತನ್ನಿ ಎಂದ.

ಸರಿ, ಮೇ ತಿಂಗಳ ಬಿಸಿಲಿನಲ್ಲಿ ಲಕಡ್‌ಗಂಜಿನ ಕಟ್ಟಿಗೆ ಅಂಗಡಿಗಳನ್ನು ಸುತ್ತಿದ್ದಾಯಿತು. ಒಬ್ಬರೇ ಹೋಗಿ ಎಲ್ಲಾದರೂ ಬಿದ್ದಾರು ಎಂದು ನಾನೂ ಹೋಗುತ್ತಿದ್ದೆ. ಸಾಗವಾನಿ ಬೇಕಾದಷ್ಟಿತ್ತು. ಇವರು ಅದನ್ನು ಮುಟ್ಟಲಿಲ್ಲ. "ಸಾಗವಾನಿ ಬಾಗಲಾ ಮಾಡಾಕ ಚಲೋ. ಕ್ಯೂ ಮಾಡಿದ್ರ ಹೊಡತ ಮೆತ್ತಗಾಗತೈತಿ," ಎಂದರು. ಹೊರದೇಶದ ಆಶ್ ಇಲ್ಲವೆ ಮೇಪಲ್ ಮರವೇ ಬೇಕು, ಎಳೆಗಳು ಈ ತುದಿಯಿಂದ ಆ ತುದಿಗೆ ನೇರ ಓಡಿರಬೇಕು, ಗಂಟು ಇರಬಾರದು, ಚೆನ್ನಾಗಿ ಒಣಗಿರಬೇಕು, ಸೀಳಿರಬಾರದು. ಅಂಥ ಕಟ್ಟಿಗೆ ಒಂದು ಅಂಗಡಿಯಲ್ಲಿ ಸಿಕ್ಕಿತು. ಆದರೆ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ ಪ್ರತಿಯೊಂದನ್ನೂ "ನಡುವ ಬಾಗೇತಿ" ಎಂದು ತಿರುಗಿ ಇಟ್ಟರು.

"ಸಾಬ್, ಏಕದಮ್ ಸೀಧಾ ಹೈ," ಪೂರಾ ನೆಟ್ಟಗಿದೆ ಎಂದು ಅಂಗಡಿಯವನು ಬೇಡಿಕೊಂಡ.

ನನ್ನ ತಲೆ ಕೆಟ್ಟಿತು. "ನನ್ನ ನೋಡಾಕ ಬಂದಾಗ ಇಷ್ಟ ಕೊಂಕ ತಗದಿದ್ರ ನಾನರ ಪಾರಾಗತಿದ್ದೆ," ಎಂದು ಒಂದು ಆಶ್ ಪಟ್ಟಿಯನ್ನು ನಾನೇ ಕೊಂಡು ಮನೆಗೆ ತಂದೆ.

ಮರುದಿನ ಹೊಸ ತಕರಾರು. "ನಿನ್ನ ಕೂಲರಿನ ಹಸಿ ಗಾಳಿಗೆ ಥಂಡಿ ಹಿಡದು ಇನ್ನೂ ಬಾಗೇತಿ. ಬಂದ್ ಮಾಡದನ್ನ." ನಾಗಪುರದ ಮೇ ತಿಂಗಳಲ್ಲಿ ಕೂಲರ್ ಬಂದ್! ಒಂದು ಕೋಲಿಗಾಗಿ ಮನುಷ್ಯರು ಬೇಯಬೇಕು. ನಾನು ಸಿಟ್ಟಿನಲ್ಲಿ ಕೂಲರ್ ಬಂದ್ ಮಾಡಿ, ಅವರ ಜೊತೆ ಮಾತು ಬಿಟ್ಟೆ. ಅವರೂ ಸಮಾಧಾನ ಮಾಡಲು ಬರಲಿಲ್ಲ.

ಒಂದು ಮಧ್ಯಾಹ್ನ ಬೆವರು ಒರೆಸಿ ಒರೆಸಿ ಸಾಕಾಗಿ, ಆ ಪಟ್ಟಿಯನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿದೆ. ಬಾಗಿರುವುದು ನಿಜವಾದರೆ ಅಂದೇ ಹೊರಗೆ ಎಸೆಯುವವಳಿದ್ದೆ. ಅಡಿಯಲ್ಲಿ ಕಾಗದ ತೂರುವಷ್ಟೂ ಸಂದಿಲ್ಲ. ನಾಲ್ಕೂ ಮಗ್ಗುಲು ಹೊರಳಿಸಿದೆ. ಎಲ್ಲೂ ಇಲ್ಲ. ಗೆದ್ದ ಖುಷಿಯಲ್ಲಿ ಅವರನ್ನು ಕೂಗಿದೆ. ಬಂದವರು ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದರು, ಕಣ್ಣಿಗೆ ಹಿಡಿದು ನೋಡಿದರು, ಮತ್ತೆ ಬೆರಳಾಡಿಸಿದರು. ನನಗೆ ಏನೋ ಅನುಮಾನ ಬಂತು.

"ಬಾಗಲ ಚೌಕಟ್ಟ ನೋಡ್ರಿ. ನೆಟ್ಟಗೈತೇನು?"

ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ನೊಂದನ್ನು.

"ಅದೂ ಬಾಗೇತಿ," ಎಂದರು.

ಕಣ್ಣಿನ ಡಾಕ್ಟರು ಚೌಕಳಿ ಗೆರೆಗಳ ಹಾಳೆ ಹಿಡಿದು, ಯಾವ ಗೆರೆ ಸೊಟ್ಟಗಿದೆ ಎಂದು ಕೇಳಿದರು. ನಡುವಿನವೆಲ್ಲ ಎಂದರು ಇವರು. ಕಣ್ಣಿನ ಒಳಪದರ ನಡುವೆ ಹಾಳಾಗಿದೆ, ಎರಡು ಕಣ್ಣಲ್ಲೂ, ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರೆ ಇನ್ನಷ್ಟು ಕೆಡುವುದು ತಡವಾಗಬಹುದು, ಹೋದದ್ದು ಬರುವುದಿಲ್ಲ. ಕನ್ನಡಕ ಬದಲಿಸಿದರೆ ಎಂದು ನಾನು ಕೇಳಿದೆ. ಉಪಯೋಗವಿಲ್ಲ ಎಂದು ಡಾಕ್ಟರು ತಲೆಯಾಡಿಸಿದರು. ಆಟೋ ಹತ್ತಿ ಮನೆಗೆ ಹೊರಟೆವು. ಇನ್ನು ಕ್ಯೂ ಇಲ್ಲ, ಆಟವೂ ಇಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಅವರ ಎದುರು ಕೂತೆ. ಸಮಾಧಾನ ಹೇಳಬೇಕೆಂದಿದ್ದೆ, ಆದರೆ ನನ್ನ ಬಾಯಿಂದ ಬಂದದ್ದು ಬೈಗುಳವೇ. ಇಷ್ಟು ದಿನ ಕಟ್ಟಿಗೆಯನ್ನೂ ಕೂಲರನ್ನೂ ಬೈದಿರಿ, ಕಣ್ಣಿನ ಮಾತೇಕೆ ಎತ್ತಲಿಲ್ಲ ಎಂದು ಕೇಳಿದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನಿನ್ನ ಮಾರಿನೂ ಹಂಗ ಕಾಣತೈತಿ. ಯಾರೋ ಒಂದ ಕಡೆ ಹಿಡದು ಎಳದಂಗ."

"ಯಾವಾಗಿಂದ?"

"ಕಟ್ಟಿಗಿ ಹುಡಕಾಕ ಹೊಂಡೂಕಿಂತ ಮೊದಲಿಂದ," ಎಂದರು.