ಹದಿನಾಲ್ಕನೇ ನಂಬರಿನ ಬೆಸುಗೆ

ಕಬ್ಬಿಣ ಬೆಸೆದ ಮೇಲೆ ವೆಲ್ಡರ್‌ಗಳು ಜಾಯಿಂಟಿನ ಪಕ್ಕದಲ್ಲಿ ತಮ್ಮ ನಂಬರನ್ನು ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸುತ್ತಾರೆ. ಡೊಂಬಿವಲಿಯ ಜಯಶೀಲನದು ಹದಿನಾಲ್ಕು. ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಅವನು ಹದಿನಾಲ್ಕಾಗಿದ್ದ. ಆಮೇಲೆ ಕಾರ್ಖಾನೆ ಮುಚ್ಚಿತು. ಫೈಲುಗಳೆಲ್ಲ ರದ್ದಿಗೆ ಹೋದವು.

ಈಗ ನಲವತ್ತೆರಡರಲ್ಲಿ ಆಸ್ಟ್ರೇಲಿಯಾದ ಕೆಲಸಕ್ಕೆ ಅರ್ಜಿ ಹಾಕಬೇಕಾದರೆ ಆ ಹನ್ನೊಂದು ವರ್ಷಕ್ಕೆ ಸಾಕ್ಷಿ ಬೇಕು. ಮಹಾಪೆಯ ಈಗಿನ ಕಂಪನಿ ಕೊಟ್ಟ ಪತ್ರ ಎರಡೇ ವರ್ಷದ್ದು, ಅದು ಸಾಲದು. ಅರ್ಜಿ ತುಂಬುತ್ತಿದ್ದ ಮಗಳು ಸ್ಪಂದನಾ ಕಾಗದಗಳನ್ನು ತಿರುವಿ ಹಾಕಿ ಕೇಳಿದಳು, "ಪಪ್ಪಾ, ಗ್ಯಾರಾ ಸಾಲ್ ಕಾ ಬಸ್ ಏಕ್ ಕಾರ್ಡ್?"

ಒಂದೇ ಗುರುತಿನ ಕಾರ್ಡು. ದಪ್ಪ ಮೀಸೆಯ ಫೋಟೋ, ಹದಿನಾಲ್ಕು ಎಂಬ ನಂಬರು, ಕೆಳಗೆ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುತ್ತಿದ್ದ ಇನ್‌ಸ್ಪೆಕ್ಟರ್ ಹಯಗ್ರೀವರ ಸಹಿ.

ಮೈಸೂರಿನ ಕಡೆಯ ಹಯಗ್ರೀವರು ನಿವೃತ್ತರಾಗಿ ಠಾಣೆ ನಗರದಲ್ಲೇ ಇದ್ದರು. ಎಪ್ಪತ್ತನಾಲ್ಕು ವರ್ಷ. ಜಯಶೀಲ ಟೈಪು ಮಾಡಿಸಿ ತಂದಿದ್ದ ಅನುಭವದ ಪತ್ರವನ್ನು ಎರಡು ಸಲ ಓದಿದರು.

"ಮುಖ ನೆನಪಿದೆ ಕಣಪ್ಪ, ಕೆಲಸ ನೆನಪಿಲ್ಲ. ನನ್ನ ಕೈಕೆಳಗೆ ಅರವತ್ತು ಜನ ವೆಲ್ಡರ್‌ಗಳಿದ್ರು. ಮುಖ ನೋಡಿ ಸಹಿ ಹಾಕೋಕಾಗುತ್ತಾ? ಒಂದು ಜಾಯಿಂಟು ತೋರಿಸು, ಹಾಕ್ತೀನಿ."

"ಶಹಾಡಿನಲ್ಲಿ ನಾನು ಕೆಲಸ ಮಾಡಿದ ಒಂದು ಟಾಂಕಿ ಉಂಟು ಸರ್," ಎಂದ ಜಯಶೀಲ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಮೂವರೂ ಹೋದದ್ದು ಭಾನುವಾರವಾದ್ದರಿಂದ ಯಂತ್ರಗಳು ನಿಂತಿದ್ದವು. ಲಾರಿಯಷ್ಟುದ್ದದ ಗಾಳಿಯ ಟಾಂಕಿ ಎರಡು ಗಿಡ್ಡ ಕಾಲುಗಳ ಮೇಲೆ ಅಡ್ಡ ಮಲಗಿತ್ತು. ಅದರ ತಗಡಿನ ಫಲಕದಲ್ಲಿ ವಾಗ್ಳೆ ಎಸ್ಟೇಟಿನ ಕಾರ್ಖಾನೆಯ ಹೆಸರು, ೨೦೧೧ ಎಂಬ ಇಸವಿ. ಜಯಶೀಲ ದಪ್ಪ ಹಸಿರು ಬಣ್ಣದ ಮೇಲೆ ಅಂಗೈ ಆಡಿಸಿ ಜಾಯಿಂಟು ಹುಡುಕಿದ, ಎಮರಿ ಪೇಪರಿನಿಂದ ತಿಕ್ಕಿದ. ಅಂಕಿ ಮೂಡಿತು. ಒಂಬತ್ತು.

"ಸಿಕ್ತೇನಯ್ಯಾ?"

"ಇದು ಪುಂಡರೀಕಾಕ್ಷನದ್ದು ಸರ್."

ಮುಂದಿನ ಜಾಯಿಂಟೂ ಒಂಬತ್ತೇ. ಸ್ಪಂದನಾ ಅಪ್ಪನ ತೋಳು ಹಿಡಿದು, ಇದನ್ನೇ ತೋರಿಸಿಬಿಡು ಎಂಬಂತೆ ಪಿಸುಗುಟ್ಟಿದಳು, "ಛೋಡೋ ನಾ ಪಪ್ಪಾ. ನಂಬರ್ ಕೌನ್ ದೇಖತಾ ಹೈ?"

"ಅವನ ಕೆಲಸ ಅವನದ್ದು ಮಾರಾಯ್ತಿ."

ಜಯಶೀಲ ಟಾಂಕಿಗೆ ಒಂದು ಸುತ್ತು ಹಾಕಿದ. ಆಮೇಲೆ ನೆಲಕ್ಕೆ ಒರಗಿ, ಟಾಂಕಿಯ ಕೆಳಗಿನ ಒಂದೂವರೆ ಅಡಿ ಸಂದಿಯಲ್ಲಿ ಅಂಗಾತ ಜಾರಿದ. ಟಾಂಕಿಯನ್ನು ಕೂರಿಸಿದ ಮೇಲೆ, ಗಾಳಿಯಿಂದ ಒಳಗೆ ಸೇರುವ ನೀರು ಇಳಿಯುವ ಪೈಪನ್ನು ಅವನು ಇಲ್ಲೇ ಬೆಸೆದದ್ದು. ಒಳಗಿನಿಂದ ತಿಕ್ಕುವ ಸದ್ದು ಬಂತು. ನಿಂತಿತು.

"ಬಾ."

ಸ್ಪಂದನಾ ಪಕ್ಕದಲ್ಲಿ ಹೋಗಿ ಮಲಗಿದಳು. ಮೊಬೈಲಿನ ಬೆಳಕಿನಲ್ಲಿ, ಮೂಗಿನಿಂದ ಒಂದು ಗೇಣು ಮೇಲೆ, ಪೈಪಿನ ಸುತ್ತ ಬೆಸುಗೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒರಗಿದ ಸಣ್ಣ ಅಲೆಗಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪಕ್ಕದಲ್ಲಿ ಹದಿನಾಲ್ಕು. ಅದನ್ನು ಬೆಸೆದಾಗ ಅವಳಿಗೆ ಮೂರು ವರ್ಷ.

"ಪಪ್ಪಾ, ಆಗ್ ಊಪರ್ ನಹೀಂ ಗಿರತೀ ಥೀ?"

"ಕಿಡಿ ಬೀಳ್ತದೆ, ಕುತ್ತಿಗೆ ಮೇಲೆಯೇ. ಆದರೆ ಕೈ ಅಲುಗಿಸ್ಲಿಕ್ಕಿಲ್ಲ. ಅಲುಗಿದ್ರೆ ಜಾಯಿಂಟು ಸೋರ್ತದೆ."

ಅಪ್ಪನ ಕುತ್ತಿಗೆಯ ಬಿಳಿ ಚುಕ್ಕೆಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಯಾಕೆಂದು ಕೇಳಿರಲಿಲ್ಲ. ನಂಬರೂ ಬೆಸುಗೆಯೂ ಕಾಣುವಂತೆ ಫೋಟೋ ತೆಗೆದಳು. ಮತ್ತೊಮ್ಮೆ ತೆಗೆದಳು.

ಹೊರಗೆ ಬಂದು ಮೊಬೈಲು ಚಾಚಿದರೆ ಹಯಗ್ರೀವರು ನೋಡಲೇ ಇಲ್ಲ. "ಫೋಟೋ ಆಸ್ಟ್ರೇಲಿಯಾದವರಿಗೆ. ನಾನು ಜಾಯಿಂಟು ನೋಡ್ಬೇಕು." ಕರವಸ್ತ್ರ ಹಾಸಿ, ನರಳುತ್ತ ಮಲಗಿ, ಒಳಗೆ ಜಾರಿದರು. ಅವರ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಉಗುರಿನಿಂದ ಕಬ್ಬಿಣ ತಟ್ಟುವ ಸದ್ದು ಬಹಳ ಹೊತ್ತು ಕೇಳಿಸಿತು.

"ಹದಿನೈದು ವರ್ಷ," ಎಂದಿತು ಒಳಗಿನ ದನಿ. "ಜಾಯಿಂಟು ಒಂದು ತೊಟ್ಟೂ ಬೆವರಿಲ್ಲವಲ್ಲೋ!"

ಜಯಶೀಲ ಕೈಹಿಡಿದು ಎಬ್ಬಿಸಿದ. ಬೆನ್ನಿನ ಧೂಳು ಕೊಡವದೆಯೇ ಅವರು ಪತ್ರ ತೆಗೆದುಕೊಂಡರು. ಇವರನ್ನು ಬಲ್ಲೆ ಎಂಬ ಇಂಗ್ಲಿಷ್ ಸಾಲನ್ನು ಹೊಡೆದುಹಾಕಿ, ಇವರ ಕೆಲಸವನ್ನು ಅಂದೂ ಇಂದೂ ಕಣ್ಣಾರೆ ಪರೀಕ್ಷಿಸಿದ್ದೇನೆ ಎಂದು ಬರೆದರು. ಟಾಂಕಿಗೇ ಒತ್ತಿಹಿಡಿದು ಸಹಿ ಹಾಕಿದರು.

ಪತ್ರ ಕೊಡಲು ತಿರುಗಿದರೆ ಸ್ಪಂದನಾ ಇಲ್ಲ. ಮತ್ತೆ ಟಾಂಕಿಯ ಕೆಳಗೆ ಹೋಗಿ ಮಲಗಿದ್ದಳು. ಫೋಟೋ ಆಗಲೇ ತೆಗೆದಾಗಿತ್ತು.